ಹಲಗೆ ಸೀಳೋಕೆ ಯಾವ ಬ್ಯಾಂಡ್‌ಸಾ ಬ್ಲೇಡ್? ಅಗಲ ಆಮೇಲೆ, ಮೊದಲು ಬಿಗಿ ನೋಡಿ

ಪ್ರಶ್ನೆ: ನನ್ನ ಹತ್ತಿರ 14 ಇಂಚಿನ (ಚಕ್ರದ ವ್ಯಾಸ) ಬ್ಯಾಂಡ್‌ಸಾ, ಅಂದರೆ ಮೇಲೊಂದು ಕೆಳಗೊಂದು ಚಕ್ರದ ಸುತ್ತ ಪಟ್ಟಿ ಬ್ಲೇಡ್ ಓಡುವ ಗರಗಸ ಇದೆ. 6 ಇಂಚು ಅಗಲ, 2 ಇಂಚು ದಪ್ಪದ ತೇಗದ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸೀಳಿ, ಸಣ್ಣ ಪೆಟ್ಟಿಗೆಗಳಿಗೆ 5 ಮಿಮೀ ತೆಳು ಹಲಗೆ ತೆಗೆಯಬೇಕು. ಮಷಿನ್ ಜತೆ ಬಂದಿದ್ದ ಬ್ಲೇಡ್‌ನಲ್ಲಿ (ಇಂಚಿಗೆ 6 ಹಲ್ಲು) ಹೊಗೆ ಬಂತು, ಮರ ಕಪ್ಪಾಯಿತು. ಅಗಲದ ಬ್ಲೇಡ್ ಹಾಕಿದರೆ ನೇರ ಹೋಗುತ್ತದೆ ಅಂದರು, ಮುಕ್ಕಾಲು ಇಂಚಿನ ಬೈಮೆಟಲ್ (ಎರಡು ಬಗೆಯ ಉಕ್ಕು ಬೆಸೆದ) ಬ್ಲೇಡ್ ಹಾಕಿದೆ. ಈಗ ಮೇಲೂ ಕೆಳಗೂ ಅಳತೆ ಸರಿ ಇದೆ, ನಡುವೆ ಮಾತ್ರ 3 ಮಿಮೀ ಹೊಟ್ಟೆ. ಕಾರ್ಬೈಡ್ (ಹಲ್ಲಿನ ತುದಿಗೆ ಉಕ್ಕಿಗಿಂತ ಗಟ್ಟಿ ಚೂರು ಕೂರಿಸಿದ) ಬ್ಲೇಡ್ ತಗೊಳ್ಳಿ ಅಂತ ಈಗ ಹೇಳುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ಸದ್ಯಕ್ಕೆ ಬೇಡ. ಅರ್ಧ ಇಂಚು ಅಗಲದ, 0.6 ಮಿಮೀ ದಪ್ಪದ, ಇಂಚಿಗೆ 3 ಹಲ್ಲಿನ ಹುಕ್ (ಹಲ್ಲು ಮುಂದಕ್ಕೆ ಬಾಗಿದ) ಬ್ಲೇಡ್ ಒಂದು ತನ್ನಿ. ಸಾದಾ ಕಾರ್ಬನ್ ಸ್ಟೀಲ್ ಆದರೂ ಪರವಾಗಿಲ್ಲ. ಅದನ್ನು ಸರಿಯಾಗಿ ಬಿಗಿ ಮಾಡಿ ಕೊಯ್ದು ನೋಡಿ. ಹೊಟ್ಟೆ ಹೋಗುತ್ತದೆ. ಕಾರ್ಬೈಡ್ ವಿಷಯ ಕೊನೆಗೆ ಹೇಳುತ್ತೇನೆ, ತೇಗ ಅಂದಿದ್ದೀರಿ, ಹಾಗಾಗಿ ಅದೂ ಪೂರ್ತಿ ತಪ್ಪು ಸಲಹೆ ಅಲ್ಲ.

ನಿಮಗೆ ಆಗಿರುವುದು ಎರಡು ಬೇರೆ ಬೇರೆ ತೊಂದರೆ. ಮೊದಲ ಬ್ಲೇಡ್‌ನಲ್ಲಿ ಹೊಗೆ ಬಂದಿದ್ದಕ್ಕೆ ಕಾರಣ ಹಲ್ಲು ಜಾಸ್ತಿ ಇದ್ದದ್ದು. ಎರಡನೆಯದರಲ್ಲಿ ಹೊಟ್ಟೆ ಬಂದಿದ್ದಕ್ಕೆ ಕಾರಣ ಬಿಗಿ ಸಾಲದ್ದು. ಎರಡಕ್ಕೂ ಅಗಲದ ಬ್ಲೇಡೇ ಮದ್ದು ಅಂತ ಯಾರೋ ಹೇಳಿದ್ದಾರೆ. ನಾನೂ ಶುರುವಿನಲ್ಲಿ ಇದನ್ನೇ ನಂಬಿದ್ದೆ. 14 ಇಂಚಿನ ಮಷಿನ್‌ಗೆ ಒಂದು ಇಂಚಿನ ಬ್ಲೇಡ್ ಏರಿಸಿ, ಕಟ್ ಸೊಟ್ಟಗೆ ಹೋದಾಗಲೆಲ್ಲ ಬ್ಲೇಡ್ ಬಿಗಿ ಮಾಡುವ ಟೆನ್ಶನ್ ಹಿಡಿಯನ್ನು ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ತಿರುಗಿಸಿ, ಕೊನೆಗೆ ಮೇಲಿನ ಚಕ್ರ ಕೂತಿರುವ ಬ್ರಾಕೆಟ್ಟೇ ಬಾಗಿತು. ಆಮೇಲೆ ಆ ಚಕ್ರ ಯಾವತ್ತೂ ಸರಿಯಾಗಿ ನಿಲ್ಲಲಿಲ್ಲ, ಬ್ರಾಕೆಟ್ ಬದಲಾಯಿಸಬೇಕಾಯಿತು. ಮೂರು ವಾರ ಮಷಿನ್ ಮೇಲೆ ಬಟ್ಟೆ ಹೊದಿಸಿ ಸುಮ್ನೆ ಕೂತಿದ್ದೆ.

ಹಲ್ಲಿನ ಕಥೆ ಮೊದಲು ನೋಡೋಣ. ಹಲ್ಲು ಮರವನ್ನು ಕೆರೆದು ತೆಗೆಯುತ್ತದೆ ಸರಿ, ಕೆರೆದ ಹೊಟ್ಟು ಎಲ್ಲಿಗೆ ಹೋಗಬೇಕು? ಮರದೊಳಗೆ ಇರುವಷ್ಟು ಹೊತ್ತೂ ಅದು ಎರಡು ಹಲ್ಲಿನ ನಡುವಿನ ಗುಳಿಯಲ್ಲೇ ಕೂತಿರಬೇಕು. ಇದಕ್ಕೆ ಗಲೆಟ್ ಅಂತಾರೆ. ಅರ್ಧ ಇಂಚಿನ ಹಲಗೆ ಕೊಯ್ಯುವಾಗ ಹಲ್ಲು ಒಳಗೆ ಹೋಗಿ ತಕ್ಷಣ ಆಚೆ ಬಂದು ಹೊಟ್ಟು ಉದುರಿಸುತ್ತದೆ. ನಿಮ್ಮದು 6 ಇಂಚು. ಅಷ್ಟುದ್ದಕ್ಕೂ ಹಲ್ಲು ಕೆರೆಯುತ್ತಲೇ ಇರುತ್ತದೆ, ಗುಳಿ ತುಂಬುತ್ತಲೇ ಇರುತ್ತದೆ, ಜತೆಗೆ ಕೆರೆದ ಮರ ಗಟ್ಟಿ ಮರಕ್ಕಿಂತ ಮೂರು ನಾಲ್ಕು ಪಟ್ಟು ಜಾಗ ಕೇಳುತ್ತದೆ. ಗುಳಿ ತುಂಬಿದ ಮೇಲೆ ಹೊಟ್ಟು ಬ್ಲೇಡಿನ ಬದಿಗೆ ನುಗ್ಗಿ ಮರಕ್ಕೂ ಬ್ಲೇಡಿಗೂ ನಡುವೆ ಉಜ್ಜುತ್ತದೆ. ಹೊಗೆ ಬರುವುದು ಅಲ್ಲಿಂದ.

ಇಂಚಿಗೆ 6 ಹಲ್ಲು ಇರುವ ಬ್ಲೇಡನ್ನೂ 3 ಹಲ್ಲಿನದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹಲ್ಲು ಎರಡು ಪಟ್ಟು ಆದ್ದರಿಂದ ಒಂದೊಂದು ಹಲ್ಲು ಎತ್ತುವ ಹೊಟ್ಟು ಅರ್ಧ ಆಗುತ್ತದೆ, ಅದು ನಿಜ. ಆದರೆ ಗುಳಿಯ ಉದ್ದವೂ ಅರ್ಧ, ಆಳವೂ ಹೆಚ್ಚುಕಮ್ಮಿ ಅರ್ಧ. ಅಂದರೆ ಜಾಗ ಕಾಲು ಭಾಗ. ಹೊಟ್ಟು ಅರ್ಧ, ಜಾಗ ಕಾಲು. ಅದಕ್ಕೇ 3 ಹಲ್ಲಿನ ಬ್ಲೇಡಿಗೆ ಮರ ತಳ್ಳುವ ವೇಗದ ಅರ್ಧಕ್ಕೇ 6 ಹಲ್ಲಿನದು ಗಂಟಲು ಕಟ್ಟಿಕೊಳ್ಳುತ್ತದೆ. ನಿಧಾನ ತಳ್ಳಿದರೆ ಆಯ್ತಲ್ವಾ ಅನ್ನಬಹುದು. ತೀರಾ ನಿಧಾನ ಮಾಡಿದರೆ ಹಲ್ಲು ಮರವನ್ನು ಕಚ್ಚುವುದೇ ಇಲ್ಲ, ಮೇಲೆ ಮೇಲೆ ಸವರುತ್ತದೆ. ಅದರಿಂದಲೂ ಬಿಸಿಯಾಗುತ್ತದೆ, ಹಲ್ಲು ಬೇಗ ಮೊಂಡಾಗುತ್ತದೆ.

ಹಾಗಾಗಿ 4 ಇಂಚಿನ ಮೇಲೆ ಸೀಳುವುದಾದರೆ 3 ಹಲ್ಲು. 8, 10 ಇಂಚು ಆದರೆ 2 ಹಲ್ಲಿನದೂ ಚೆನ್ನ. 2/3 ಅಂತಲೋ 3/4 ಅಂತಲೋ ಬರೆದಿರುವ ಬ್ಲೇಡ್‌ಗಳೂ ಸಿಗುತ್ತವೆ, ಅವುಗಳಲ್ಲಿ ಹಲ್ಲಿನ ಅಂತರ ಒಂದೇ ಸಮ ಇರುವುದಿಲ್ಲ. ಒಂದೇ ಅಂತರದ ಹಲ್ಲುಗಳು ಒಂದೇ ತಾಳದಲ್ಲಿ ಬಡಿದಾಗ ಬ್ಲೇಡ್ ತಂತಿಯ ಹಾಗೆ ನಡುಗುತ್ತದೆ, ಕಟ್ ಮೇಲೆ ಅಲೆ ಅಲೆ ಗೆರೆ ಮೂಡುತ್ತದೆ. ಅಂತರ ಬದಲಾಗುತ್ತಿದ್ದರೆ ಆ ತಾಳ ಕೂಡುವುದಿಲ್ಲ. ಸಿಕ್ಕರೆ ಅದನ್ನೇ ತಗೊಳ್ಳಿ.

ಹಲ್ಲಿನ ಆಕಾರದಲ್ಲಿ ಮೂರು ಬಗೆ. ರೆಗ್ಯುಲರ್‌ನಲ್ಲಿ ಹಲ್ಲು ನೆಟ್ಟಗೆ ನಿಂತಿರುತ್ತದೆ, ಗುಳಿ ಸಣ್ಣದು, ಸೀಳುವ ಕೆಲಸಕ್ಕೆ ಅಲ್ಲ. ಸ್ಕಿಪ್‌ನಲ್ಲೂ ಹಲ್ಲು ನೆಟ್ಟಗೇ ಇರುತ್ತದೆ, ಆದರೆ ಒಂದು ಬಿಟ್ಟು ಒಂದು ಹಲ್ಲು ಕಿತ್ತ ಹಾಗೆ ನಡುವೆ ಜಾಗ ಇರುತ್ತದೆ. ಹುಕ್‌ನಲ್ಲಿ ಹಲ್ಲು ಸುಮಾರು 10 ಡಿಗ್ರಿ ಮುಂದಕ್ಕೆ ಬಾಗಿರುತ್ತದೆ, ಹಾಗಾಗಿ ಅದೇ ಮರದೊಳಗೆ ಎಳೆದುಕೊಂಡು ಹೋಗುತ್ತದೆ, ನೀವು ಕಮ್ಮಿ ತಳ್ಳಿದರೆ ಸಾಕು. ಗಟ್ಟಿ ಮರ ಸೀಳುವುದಕ್ಕೆ ಹುಕ್. ಅಂಟು ಜಾಸ್ತಿ ಇರುವ ಮೆದು ಮರಗಳಿಗೆ ಸ್ಕಿಪ್ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಈಗ ನಿಮ್ಮ ಹೊಟ್ಟೆಯ ವಿಷಯ, ಅಂದರೆ ಹಲಗೆಯ ಹೊಟ್ಟೆ.

ಮೇಲಿನ ಗೈಡು ಮತ್ತು ಟೇಬಲ್ ಕೆಳಗಿನ ಗೈಡು, ಇವೆರಡು ಕಡೆ ಬ್ಲೇಡಿಗೆ ಹಿಡಿತ ಇದೆ. ನಡುವಿನ 6 ಇಂಚಿಗೆ ಯಾರ ಹಿಡಿತವೂ ಇಲ್ಲ, ಅದನ್ನು ನೆಟ್ಟಗೆ ಇಡುವುದು ಬಿಗಿ ಮಾತ್ರ. ಮರ ತಳ್ಳಿದಾಗ ಆ ನಡುವಿನ ಭಾಗ ಮೊದಲು ಹಿಂದಕ್ಕೆ ಬಾಗುತ್ತದೆ, ಆಮೇಲೆ ತಿರುಚಿಕೊಂಡು ಒಂದು ಪಕ್ಕಕ್ಕೆ ವಾಲುತ್ತದೆ. ಮೇಲೆ ಕೆಳಗೆ ಸರಿ, ನಡುವೆ ಹೊಟ್ಟೆ ಅಂದರೆ ಇದೇ. ಒಂದು ಹಗ್ಗವನ್ನು ಸಡಿಲ ಕಟ್ಟಿ ನಡುವೆ ಬೆರಳಿಟ್ಟು ಒತ್ತಿ, ಬಿಗಿ ಕಟ್ಟಿ ಒತ್ತಿ. ಹಗ್ಗ ದಪ್ಪ ಇದ್ದ ಮಾತ್ರಕ್ಕೆ ಸಡಿಲ ಕಟ್ಟಿದ್ದು ಬಿಗಿ ಆಗುವುದಿಲ್ಲ.

ಅಗಲದ ಬ್ಲೇಡ್ ಹಿಂದಕ್ಕೆ ಬಾಗುವುದು ಕಮ್ಮಿ ಅನ್ನುವುದು ನಿಜವೇ. ಆದರೆ ಅಗಲ ಮತ್ತು ದಪ್ಪ ಹೆಚ್ಚಿದಷ್ಟೂ ಅದನ್ನು ಎಳೆದು ಹಿಡಿಯುವುದಕ್ಕೆ ಮಷಿನ್‌ಗೆ ಶಕ್ತಿ ಬೇಕು. ಲೆಕ್ಕ ಹಾಕಿ ತೋರಿಸುತ್ತೇನೆ, ಕಷ್ಟ ಏನಿಲ್ಲ.

ಅರ್ಧ ಇಂಚಿನ ಬ್ಲೇಡಿನಲ್ಲಿ ಗುಳಿ ಬಿಟ್ಟು ಹಿಂದೆ ಉಳಿಯುವ ಗಟ್ಟಿ ಪಟ್ಟಿ ಸುಮಾರು 10 ಮಿಮೀ. ದಪ್ಪ 0.6. ಅಲ್ಲಿಗೆ 6 ಚದರ ಮಿಮೀ ಉಕ್ಕು. ಕಾರ್ಬನ್ ಸ್ಟೀಲ್ ಬ್ಲೇಡಿಗೆ ಚದರ ಮಿಮೀಗೆ 10ರಿಂದ 14 ಕೆಜಿ ಎಳೆತ ಬೇಕು. 14 ಹಿಡಿದರೆ 84 ಕೆಜಿ. ಬ್ಲೇಡ್ ಚಕ್ರ ಸುತ್ತಿಕೊಂಡು ಎರಡೂ ಬದಿ ಇಳಿಯುವುದರಿಂದ ಮೇಲಿನ ಚಕ್ರದ ಮೇಲೆ ಅದರ ಎರಡರಷ್ಟು, ಅಂದರೆ 170 ಕೆಜಿ ಹತ್ತಿರ ಭಾರ ಬೀಳುತ್ತದೆ. 14 ಇಂಚಿನ ಸಾಮಾನ್ಯ ಎರಕದ ಮಷಿನ್ ಇದನ್ನು ತಡೆಯುತ್ತದೆ.

ಇನ್ನು ನೀವು ತಂದ ಮುಕ್ಕಾಲು ಇಂಚಿನದು. ಗಟ್ಟಿ ಪಟ್ಟಿ 15 ಮಿಮೀ, ದಪ್ಪ 0.8, ಒಟ್ಟು 12 ಚದರ ಮಿಮೀ. ಬೈಮೆಟಲ್ ಆದ್ದರಿಂದ ಚದರ ಮಿಮೀಗೆ 18ರಿಂದ 20 ಕೆಜಿ ಎಳೆತ ಕೇಳುತ್ತದೆ. ಒಂದು ಬದಿಗೇ 216ರಿಂದ 240 ಕೆಜಿ, ಎರಡೂ ಸೇರಿ 430ರಿಂದ 480. ಮೇಲಿನ ಚಕ್ರವನ್ನು ಎತ್ತಿ ಬ್ಲೇಡ್ ಬಿಗಿ ಹಿಡಿಯುವ ನಿಮ್ಮ ಮಷಿನ್‌ನ ಸ್ಪ್ರಿಂಗ್ ಅದೇ 170 ಕೆಜಿ ಕೊಟ್ಟಿತು ಅಂತಿಟ್ಟುಕೊಳ್ಳಿ, ಆಗ ಆ ಬ್ಲೇಡಿಗೆ ಸಿಗುವುದು ಚದರ ಮಿಮೀಗೆ 7 ಕೆಜಿ. ಬೇಕಾದ್ದರ ಮೂರನೇ ಒಂದು ಭಾಗ! ಬ್ಲೇಡ್ ಕೆಟ್ಟದ್ದಲ್ಲ, ಅದು ದೊಡ್ಡ ಮಷಿನ್‌ನ ಬ್ಲೇಡ್ ಅಷ್ಟೇ. ಎತ್ತಿನ ಗಾಡಿ ಕರುವಿಗೆ ಕಟ್ಟಿದ ಹಾಗೆ ಆಗಿದೆ.

ಮಷಿನ್ ಮೇಲೆ ಟೆನ್ಶನ್ ಗೆರೆ ಇದೆಯಲ್ಲ, ಅದು ಮುಕ್ಕಾಲು ಇಂಚಿಗೇ ಬಂದು ನಿಂತಿದೆ ಅನ್ನುತ್ತೀರೇನೋ. ಆ ಗೆರೆ ತೋರಿಸುವುದು ಸ್ಪ್ರಿಂಗ್ ಎಷ್ಟು ಒತ್ತಿಕೊಂಡಿದೆ ಅನ್ನುವುದನ್ನು, ಬ್ಲೇಡ್ ಎಷ್ಟು ಬಿಗಿಯಾಗಿದೆ ಅನ್ನುವುದನ್ನಲ್ಲ. ಬ್ಲೇಡಿನ ದಪ್ಪ ಅದಕ್ಕೆ ಗೊತ್ತಿಲ್ಲ. ಸ್ಪ್ರಿಂಗ್ ಹಳೆಯದಾಗಿ ಸೋತಿದ್ದರೆ ಅದೂ ಗೊತ್ತಿಲ್ಲ.

ಬೆರಳಲ್ಲಿ ಮೀಟಿ ಸದ್ದು ಕೇಳುವುದು, ಪಕ್ಕಕ್ಕೆ ಒತ್ತಿ ನೋಡುವುದು, ಇವೆಲ್ಲ ವರ್ಷಗಟ್ಟಲೆ ಅದೇ ಮಷಿನ್ ಓಡಿಸಿದವರಿಗೆ ಸರಿ. ನಿಮ್ಮ ಹತ್ತಿರ ಡಿಜಿಟಲ್ ವರ್ನಿಯರ್ (ಎರಡು ದವಡೆಯ ಸೂಕ್ಷ್ಮ ಅಳತೆ ಸಾಧನ) ಇದ್ದರೆ ಹೀಗೆ ಮಾಡಿ. ಮೊದಲು ಪ್ಲಗ್ ಕಿತ್ತುಬಿಡಿ. ಬ್ಲೇಡ್ ಜೋತುಬೀಳದಷ್ಟು ಮಾತ್ರ ಎಳೆದು ನೆಟ್ಟಗೆ ಮಾಡಿ. ವರ್ನಿಯರ್‌ನ ಎರಡು ದವಡೆಗಳನ್ನು 100 ಮಿಮೀ ತೆರೆದು, ಎರಡನ್ನೂ ಸಣ್ಣ ಕ್ಲ್ಯಾಂಪ್‌ನಿಂದ ಬ್ಲೇಡಿಗೇ ಕಚ್ಚಿಸಿ. ಸರಿಯುವ ದವಡೆಯ ಸ್ಕ್ರೂ ಸಡಿಲ ಇರಲಿ. ಸೊನ್ನೆ ಮಾಡಿ. ಈಗ ಹಿಡಿ ತಿರುಗಿಸುತ್ತ ಹೋಗಿ. ಬಿಗಿ ಏರಿದ ಹಾಗೆ ಬ್ಲೇಡ್ ಹಿಗ್ಗುತ್ತದೆ, ಅಂಕಿ ಏರುತ್ತದೆ. 100 ಮಿಮೀಯಲ್ಲಿ 0.01 ಮಿಮೀ ಹಿಗ್ಗಿದರೆ ಚದರ ಮಿಮೀಗೆ ಸುಮಾರು 2 ಕೆಜಿ ಎಳೆತ ಅಂತ ಲೆಕ್ಕ. ಕಾರ್ಬನ್ ಬ್ಲೇಡಿಗೆ 0.05ರಿಂದ 0.07 ಬಂದರೆ ಸಾಕು, ಬೈಮೆಟಲ್‌ಗೂ ಕಾರ್ಬೈಡ್‌ಗೂ 0.09, 0.10. ವರ್ನಿಯರ್‌ನಲ್ಲಿ ಒಂದೆರಡು ಅಂಕಿ ಆಚೀಚೆ ಆಗುತ್ತದೆ, ಅದಕ್ಕೆ ಮೂರು ಸಲ ಅಳೆಯಿರಿ. ಸರಿಯಾದ ಬಿಗಿ ಸಿಕ್ಕ ಮೇಲೆ ಮಷಿನ್ ಗೆರೆಯ ಪಕ್ಕದಲ್ಲಿ ಮಾರ್ಕರ್‌ನಿಂದ ನಿಮ್ಮದೇ ಗೆರೆ ಹಾಕಿಕೊಳ್ಳಿ, ಆ ಬ್ಲೇಡಿಗೆ ಇನ್ನು ಮುಂದೆ ಅದೇ ಗುರುತು. ವರ್ನಿಯರ್ ತೆಗೆದ ಮೇಲೇ ಪ್ಲಗ್ ಹಾಕಿ, ನಗಬೇಡಿ, ಮರೆತವರನ್ನು ನೋಡಿದ್ದೇನೆ.

ಹಿಡಿ ಪೂರ್ತಿ ತಿರುಗಿಸಿದರೂ 0.03 ದಾಟದಿದ್ದರೆ ನಿಮ್ಮ ಮಷಿನ್‌ಗೆ ಆ ಬ್ಲೇಡ್ ಆಗುವುದಿಲ್ಲ ಅಂತ ಅರ್ಥ. ನನ್ನ ಅಂದಾಜಿನಲ್ಲಿ ಮುಕ್ಕಾಲು ಇಂಚಿನದರಲ್ಲಿ ನಿಮಗೆ ಅಷ್ಟೇ ಕಾಣುವುದು. ಬಲವಂತ ಮಾಡಿ ಇನ್ನೊಂದು ಸುತ್ತು ಹಾಕಲು ಹೋಗಬೇಡಿ, ನನ್ನ ಬ್ರಾಕೆಟ್ ನೆನಪಿರಲಿ.

ದಪ್ಪದ ಬಗ್ಗೆ ಇನ್ನೊಂದು ಮಾತಿದೆ. ಬ್ಲೇಡ್ ಚಕ್ರ ಸುತ್ತುವಾಗ ಪ್ರತಿ ಸಲ ಬಾಗಿ ಮತ್ತೆ ನೆಟ್ಟಗಾಗುತ್ತದೆ. 14 ಇಂಚಿನ ಮಷಿನ್‌ನ ಬ್ಲೇಡ್ ಸುಮಾರು 2375 ಮಿಮೀ ಉದ್ದ (ಎತ್ತರ ಹೆಚ್ಚಿಸುವ ಬ್ಲಾಕ್ ಹಾಕಿದ್ದರೆ ಇನ್ನೂ ಉದ್ದ), ನಿಮಿಷಕ್ಕೆ 900 ಮೀಟರ್ ಓಡಿದರೆ ಹತ್ತಿರ ಹತ್ತಿರ 380 ಸುತ್ತು. ಸುತ್ತಿಗೆ ಎರಡು ಚಕ್ರ, ಹಾಗಾಗಿ ಗಂಟೆಗೆ 45 ಸಾವಿರ ಸಲ ಬಾಗಿತು. ದಪ್ಪ ಜಾಸ್ತಿ, ಚಕ್ರ ಸಣ್ಣದು ಅಂದಷ್ಟೂ ಪ್ರತಿ ಬಾಗಿಗೂ ಉಕ್ಕು ಸುಸ್ತಾಗುತ್ತದೆ, ಗುಳಿಯ ತಳದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ ಒಂದು ದಿನ ಪಟ್ ಅಂತ ಕಿತ್ತುಬರುತ್ತದೆ. ಚಕ್ರದ ವ್ಯಾಸದ ಸಾವಿರದ ಒಂದು ಭಾಗಕ್ಕಿಂತ ಬ್ಲೇಡ್ ದಪ್ಪ ಇರಬಾರದು ಅಂತ ಹಳೆಯ ನಿಯಮ ಇದೆ. ಅದರ ಪ್ರಕಾರ 14 ಇಂಚಿಗೆ 0.36 ಮಿಮೀ ಮಾತ್ರ, ಅಷ್ಟು ತೆಳು ಬ್ಲೇಡ್ ಸೀಳುವ ಕೆಲಸಕ್ಕೆ ಸಿಗುವುದೇ ಅಪರೂಪ. ಹಾಗಾಗಿ ಎಲ್ಲರೂ 0.5, 0.6 ಹಾಕುತ್ತಾರೆ, ಸ್ವಲ್ಪ ಬೇಗ ಮುರಿಯುತ್ತದೆ ಅಂತ ಒಪ್ಪಿಕೊಳ್ಳುತ್ತಾರೆ. 0.8 ಅಂದರೆ ಅತಿ, 0.9 ಅಂತೂ ಕೇಳಲೇಬೇಡಿ.

ಬ್ಯಾಂಡ್‌ಸಾ ಇತಿಹಾಸವೇ ಈ ಮುರಿಯುವ ಬ್ಲೇಡಿನ ಇತಿಹಾಸ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿಗೆ ಇಂಥ ಮಷಿನ್‌ನ ಪೇಟೆಂಟ್ ಸಿಕ್ಕಿದ್ದು 1809ರ ಹೊತ್ತಿಗೆ. ಆದರೆ ಸುತ್ತಿ ಸುತ್ತಿ ಬಾಗುವುದನ್ನು ತಡೆಯುವ ಬ್ಲೇಡು, ಬಿಟ್ಟುಹೋಗದ ಬೆಸುಗೆ ಆಗ ಯಾರಿಗೂ ಮಾಡಲು ಬರುತ್ತಿರಲಿಲ್ಲ. ಸುಮಾರು 40 ವರ್ಷ ಆ ಯೋಚನೆ ಕಾಗದದ ಮೇಲೇ ಉಳಿಯಿತು. 1846ರಲ್ಲಿ ಫ್ರಾನ್ಸಿನ ಅನ್ ಪೊಲಾನ್ ಕ್ರೆಪಾನ್ ಅನ್ನುವ ಹೆಂಗಸು ಬೆಸುಗೆಯ ದಾರಿ ಕಂಡುಹಿಡಿದು ಪೇಟೆಂಟಿಗೆ ಅರ್ಜಿ ಹಾಕಿದ ಮೇಲೆ, ಪ್ಯಾರಿಸ್ಸಿನ ಪೆರಾನ್ ಕಂಪನಿ ಆ ಹಕ್ಕು ಕೊಂಡಿತು. ಮಷಿನ್ ಕೆಲಸಕ್ಕೆ ಬಂದಿದ್ದು ಆಮೇಲೆ.

ಅದಕ್ಕೇ ಹೊಸ ಬ್ಲೇಡ್ ಬಂದಾಗ ನಾನು ಮೊದಲು ನೋಡುವುದು ಬೆಸುಗೆಯನ್ನು. ಹಿಂದಿನ ಅಂಚಿನ ಮೇಲೆ ಬೆರಳು ಸವರಿದರೆ ಅಲ್ಲಿ ಮೆಟ್ಟಿಲು ಸಿಗಬಾರದು. ಬದಿಯಲ್ಲೂ ಉಬ್ಬು ಇರಬಾರದು. ಮೆಟ್ಟಿಲಿದ್ದರೆ ಪ್ರತಿ ಸುತ್ತಿಗೊಮ್ಮೆ ಬ್ಲೇಡಿನ ಬೆನ್ನಿಗೆ ಆನಿಕೆ ಕೊಡುವ ಹಿಂದಿನ ಬೇರಿಂಗ್‌ಗೆ ಬಡಿದು ಟಕ್ ಟಕ್ ಅನ್ನುತ್ತದೆ, ಕಟ್ ಮೇಲೂ ಗೆರೆ ಬೀಳುತ್ತದೆ. ಆ ಗೆರೆಯನ್ನು ಗುರುತಿಸುವುದು ಸುಲಭ. ನಿಮಿಷಕ್ಕೆ 300 ಮಿಮೀ ಮರ ತಳ್ಳುತ್ತಿದ್ದರೆ, 380 ಸುತ್ತಿಗೆ ಭಾಗಿಸಿ, ಪ್ರತಿ 0.8 ಮಿಮೀಗೆ ಒಂದು ಗೆರೆ ಬರುತ್ತದೆ. ವೇಗ ಹೆಚ್ಚಿಸಿದಾಗ ಗೆರೆಗಳು ದೂರ ದೂರ ಆದರೆ ತಪ್ಪು ಬ್ಲೇಡಿನಲ್ಲೇ ಎಲ್ಲೋ ಒಂದು ಕಡೆ ಇದೆ, ಹೆಚ್ಚಾಗಿ ಬೆಸುಗೆಯಲ್ಲಿ, ಇಲ್ಲ ಒಂದು ಹಲ್ಲು ಜಾಸ್ತಿ ಹೊರಗೆ ಬಾಗಿರುತ್ತದೆ.

ಹಲ್ಲು ಎಡ-ಬಲಕ್ಕೆ ಬಾಗಿರುವುದಕ್ಕೆ ಸೆಟ್ ಅಂತಾರೆ. ಆ ಬಾಗಿನಿಂದಲೇ ಕಟ್‌ನ ಅಗಲ ಬ್ಲೇಡಿಗಿಂತ ಜಾಸ್ತಿ ಆಗಿ ಬ್ಲೇಡಿಗೆ ಉಸಿರಾಡಲು ಜಾಗ ಸಿಗುವುದು. 0.6 ಮಿಮೀ ಬ್ಲೇಡಿನ ಕಟ್ ಸುಮಾರು 1.1, 1.2 ಮಿಮೀ ಬರುತ್ತದೆ. ಮರ ಉಳಿಸುವುದಕ್ಕೆ ಅಂತ ಸೆಟ್ ಬಹಳ ಕಮ್ಮಿ ಇರುವ ತೆಳು ಸ್ಪ್ರಿಂಗ್ ಸ್ಟೀಲ್ ಬ್ಲೇಡ್‌ಗಳಿವೆ, ಅವುಗಳ ಕಟ್ 0.8 ಮಿಮೀ ಹತ್ತಿರ. ಮೇಲ್ಮೈ ನುಣುಪಾಗಿ ಬರುತ್ತದೆ, ನನಗೂ ಇಷ್ಟ, ಆದರೆ ಬೇಗ ಮೊಂಡಾಗುತ್ತವೆ.

ಈ ಕಟ್ ಅಗಲದ ಹಿಂದೆ ಬಹಳ ಜನ ಓಡುತ್ತಾರೆ. ನಿಮ್ಮ ಹಲಗೆಯಲ್ಲೇ ಲೆಕ್ಕ ಹಾಕೋಣ. ದಪ್ಪ 50 ಮಿಮೀ. ಕೊನೆಗೆ 5 ಮಿಮೀ ಬೇಕು, ಪ್ಲೇನರ್‌ಗೂ ಸ್ಯಾಂಡಿಂಗಿಗೂ 1 ಮಿಮೀ ಬಿಟ್ಟರೆ ಒಂದು ಸೀಳು 6 ಮಿಮೀ. 1.2 ಮಿಮೀ ಕಟ್‌ನಲ್ಲಿ 7 ಹಲಗೆ ಸಿಗುತ್ತದೆ. 0.8 ಕಟ್‌ನಲ್ಲಿ? ಅದೂ 7. ಉಳಿದ ಚೂರು ಸ್ವಲ್ಪ ದಪ್ಪ ಆಯ್ತು, ಅಷ್ಟೇ. ಈಗ ಕಟ್ ನೆಟ್ಟಗೆ ಬರದೆ, ಹೊಟ್ಟೆ ಕೀಸುವುದಕ್ಕೆ ಇನ್ನೂ 2 ಮಿಮೀ ಜಾಸ್ತಿ ಇಟ್ಟುಕೊಂಡು 8 ಮಿಮೀ ಸೀಳಿದರೆ ಸಿಗುವುದು 5. ಎರಡು ಹಲಗೆ ಹೋಯಿತು. ಮರ ತಿನ್ನುವುದು ಕಟ್‌ನ ಅಗಲಕ್ಕಿಂತ ಕಟ್‌ನ ಸೊಟ್ಟ. ಒಂದೂವರೆ ಮಿಮೀ ತೆಳು ವೆನೀರ್ ತೆಗೆಯುವವರಿಗೆ 0.4 ಮಿಮೀ ಲೆಕ್ಕಕ್ಕೆ ಬರುತ್ತದೆ, ನಿಮಗಲ್ಲ.

ಇನ್ನು ಲೋಹ. ಕಾರ್ಬನ್ ಸ್ಟೀಲ್ ಹೊಸದಿದ್ದಾಗ ಚೂಪು, ಸುಲಭವಾಗಿ ಬಿಗಿಯಾಗುತ್ತದೆ, ಆದರೆ ಹಲ್ಲಿನ ತುದಿ 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಟ್ಟಿತನ ಬಿಟ್ಟುಕೊಡಲು ಶುರು. ಬೈಮೆಟಲ್ ಅಂದರೆ ಬಾಗುವ ಉಕ್ಕಿನ ಪಟ್ಟಿಯ ಅಂಚಿಗೆ ಹೈಸ್ಪೀಡ್ ಸ್ಟೀಲ್ ಬೆಸೆದು ಅದರಲ್ಲಿ ಹಲ್ಲು ಕೊರೆದಿರುತ್ತಾರೆ. ಎಂ42 ಅಂತ ಬರೆದಿದ್ದರೆ ಅದರಲ್ಲಿ ಶೇ 8ರಷ್ಟು ಕೋಬಾಲ್ಟ್ ಇರುತ್ತದೆ. ಬಿಸಿಗೆ ಜಗ್ಗುವುದಿಲ್ಲ, ಆದರೆ ಮೊದಲ ದಿನದ ಚೂಪಿನಲ್ಲಿ ಒಳ್ಳೆಯ ಕಾರ್ಬನ್ ಬ್ಲೇಡಿಗಿಂತ ಸ್ವಲ್ಪ ಹಿಂದೆಯೇ. ಕಾರ್ಬೈಡ್‌ನಲ್ಲಿ ಪ್ರತಿ ಹಲ್ಲಿಗೂ ಕಾರ್ಬೈಡ್ ಚೂರು ಕೂರಿಸಿ ಸಾಣೆ ಹಿಡಿದಿರುತ್ತಾರೆ. ಎಷ್ಟೋ ಬ್ಲೇಡ್‌ಗಳಲ್ಲಿ ಹಲ್ಲು ಬಾಗಿಸಿರುವುದೇ ಇಲ್ಲ, ಚೂರೇ ಪಟ್ಟಿಗಿಂತ ಅಗಲ ಇರುತ್ತದೆ, ಹಾಗಾಗಿ ಕಟ್ ನೋಡಿದರೆ ಪ್ಲೇನರ್‌ನಿಂದ ಬಂದ ಹಾಗೆ ಇರುತ್ತದೆ.

ತೇಗದಲ್ಲಿ ಸಿಲಿಕಾ ಇದೆ, ಅಂದರೆ ಮರಳಿನ ಅಂಶ. ಕಾರ್ಬನ್ ಬ್ಲೇಡ್ ಬೆಳಗ್ಗೆ ಹಾಕಿದ್ದು ಸಂಜೆಗೆ ಮುನಿಸಿಕೊಳ್ಳಬಹುದು. ನೀವು ತೇಗವನ್ನೇ ತಿಂಗಳುಗಟ್ಟಲೆ ಸೀಳುವುದಾದರೆ ಕಾರ್ಬೈಡ್ ಲೆಕ್ಕಕ್ಕೆ ಬರುತ್ತದೆ. ಆದರೆ ಮೊದಲ ಬ್ಲೇಡ್ ಆಗಿ ಅಲ್ಲ. ಬಿಗಿ, ಗೈಡು, ತಳ್ಳುವ ವೇಗ ಇವೆಲ್ಲ ಕೈಗೆ ಬರುವ ಮುಂಚೆ ಒಂದೆರಡು ಬ್ಲೇಡ್ ಹಾಳಾಗುತ್ತದೆ, ಅದು ಅಗ್ಗದ್ದೇ ಆಗಿರಲಿ. ಒಂದು ಮೊಳೆ ಸಿಕ್ಕಿದರೂ ಕಾರ್ಬೈಡ್ ಹಲ್ಲು ಹಾರಿಹೋಗುತ್ತದೆ. ಕೊಳ್ಳುವಾಗಲೂ ಅರ್ಧ ಇಂಚು, 0.6 ಮಿಮೀ ಪಟ್ಟಿಯದೇ ಕೇಳಿ. ಒಂದು ಇಂಚು, 0.9 ಮಿಮೀ ಕಾರ್ಬೈಡ್ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಅದು 18 ಇಂಚು ಮತ್ತು ಮೇಲಿನ ಚಕ್ರಗಳಿಗೆ.

ಬ್ಲೇಡ್ ಹಾಕಿದ ಮೇಲೆ ಹೊಂದಿಸುವುದನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಗೈಡುಗಳನ್ನೆಲ್ಲ ಹಿಂದೆ ಸರಿಸಿ, ಬಿಗಿ ಮಾಡಿ, ಮೇಲಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಗುಳಿಯ ತಳ ಚಕ್ರದ ನಡುಮಧ್ಯಕ್ಕೆ ಬರುವ ಹಾಗೆ ವಾಲಿಸಿ. 14 ಇಂಚಿನ ಚಕ್ರಗಳು ಸಾಮಾನ್ಯವಾಗಿ ನಡುವೆ ಸ್ವಲ್ಪ ಉಬ್ಬಿರುತ್ತವೆ. ಬ್ಲೇಡ್ ಆ ಉಬ್ಬಿನ ಒಂದು ಪಕ್ಕ ಕೂತರೆ ಹಲ್ಲು ಒಂದು ಕಡೆಗೆ ಮುಖ ತಿರುಗಿಸುತ್ತದೆ, ಆಮೇಲೆ ಫೆನ್ಸ್ (ಮರವನ್ನು ಆನಿಸಿ ತಳ್ಳುವ ನೇರ ಪಟ್ಟಿ) ಎಷ್ಟು ನೇರ ಇಟ್ಟರೂ ಕಟ್ ಓರೆ ಹೋಗುತ್ತದೆ. ಬದಿಯ ಗೈಡು ಗುಳಿಗಿಂತ ಹಿಂದೆ ಇರಬೇಕು, ಬ್ಲೇಡಿಗೂ ಅದಕ್ಕೂ ಒಂದು ಕಾಗದ ತೂರುವಷ್ಟು ಸಂದು. ಹಿಂದಿನ ಬೇರಿಂಗ್ ಅರ್ಧ ಮಿಮೀ ದೂರ, ಖಾಲಿ ಓಡುವಾಗ ತಿರುಗಬಾರದು, ಮರ ತಾಗಿದಾಗ ತಿರುಗಬೇಕು. ಮೇಲಿನ ಗೈಡು ಮರದಿಂದ 6 ಮಿಮೀ ಮೇಲೆ. ಟೇಬಲ್ ಮತ್ತು ಬ್ಲೇಡ್ ನಡುವೆ ಮೂಲೆಮಟ್ಟ ಇಟ್ಟು 90 ಡಿಗ್ರಿ ಇದೆಯಾ ನೋಡಿ. ಫೆನ್ಸ್ ಗಿಡ್ಡ ಇದ್ದರೆ 5 ಇಂಚು ಎತ್ತರದ ನೆಟ್ಟಗಿನ ಹಲಗೆಯೊಂದನ್ನು ಅದಕ್ಕೆ ಕಟ್ಟಿ.

ಮರದ ಒಂದು ಮುಖ, ಒಂದು ಅಂಚು ಪ್ಲೇನ್ ಮಾಡಿ ಒಂದಕ್ಕೊಂದು 90 ಡಿಗ್ರಿಗೆ ತಂದಿರಬೇಕು. ಅದಿಲ್ಲದೆ ಯಾವ ಬ್ಲೇಡ್ ಹಾಕಿದರೂ ವ್ಯರ್ಥ. ಒಂದೊಂದು ಸೀಳು ತೆಗೆದ ಮೇಲೂ ಉಳಿದ ತುಂಡಿನ ಮುಖ ಮತ್ತೆ ಪ್ಲೇನ್ ಮಾಡಿದರೆ ಒಳ್ಳೆಯದು, ಯಾಕೆಂದರೆ ಮರದೊಳಗಿನ ಎಳೆತ ಬಿಟ್ಟುಕೊಂಡು ತುಂಡು ಸ್ವಲ್ಪ ಬಾಗಿರುತ್ತದೆ. ಪ್ರತಿ ಸಲ ಪ್ಲೇನ್ ಮಾಡಿದರೆ 7ರ ಬದಲು 6 ಸಿಗುತ್ತದೆ, ಆದರೆ 6ಕ್ಕೂ ಒಂದೊಂದು ಮುಖ ನಯವಾಗಿ ಸಿದ್ಧ ಇರುತ್ತದೆ. ಕೆಲವು ಮರ ಕೊಯ್ಯುತ್ತಿರುವಾಗಲೇ ಹಿಂದೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತವೆ. ಹಾಗಾದಾಗ ಎಳೆಯಬೇಡಿ. ಆಫ್ ಮಾಡಿ, ಚಕ್ರ ನಿಂತ ಮೇಲೆ ಬೆಣೆ ತೂರಿಸಿ.

ಹೊಸ ಬ್ಲೇಡನ್ನು ಮೊದಲ ಹತ್ತು ನಿಮಿಷ ಅರ್ಧ ವೇಗದಲ್ಲಿ ತಳ್ಳಿ. ಆಮೇಲೆ ವೇಗವನ್ನು ಕಿವಿಗೆ ಬಿಡಿ. ಸರಿಯಾದ ವೇಗದಲ್ಲಿ ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತದೆ, ಜಾಸ್ತಿ ತಳ್ಳಿದರೆ ಆ ಸದ್ದು ಇಳಿದು ಮಷಿನ್ ತಿಣುಕುತ್ತದೆ. ಟೇಬಲ್ ಕೆಳಗೆ ಬಿದ್ದ ಹೊಟ್ಟು ಮುಷ್ಟಿಯಲ್ಲಿ ಹಿಡಿದು ನೋಡಿ. ಹಿಟ್ಟಿನ ಹಾಗೆ ನುಣ್ಣಗಿದ್ದರೆ ಹಲ್ಲು ಮೊಂಡು ಅಥವಾ ನೀವು ತೀರಾ ನಿಧಾನ. ಒರಟು ರವೆ ಹಾಗಿದ್ದರೆ ಸರಿ. ಕೊನೆಯ ನಾಲ್ಕು ಇಂಚು ಕೈಯಲ್ಲಿ ತಳ್ಳಲೇಬೇಡಿ, ಮರದ ತುಂಡೊಂದು ಇಟ್ಟುಕೊಂಡು ತಳ್ಳಿ. ತೆಳು ಹಲಗೆ ಸೀಳುವಾಗ ಬ್ಲೇಡ್ ಆಚೆ ಬರುವ ಜಾಗಕ್ಕೂ ಹೆಬ್ಬೆರಳಿಗೂ ಬಹಳ ದೂರ ಇರುವುದಿಲ್ಲ.

ಮೊಂಡಾಗಿದೆಯಾ ಅಂತ ತಿಳಿಯಲು ಪ್ಲಗ್ ಕಿತ್ತು, ಉಗುರನ್ನು ಹಲ್ಲಿನ ತುದಿಗೆ ಮೆಲ್ಲಗೆ ಒತ್ತಿ ಎಳೆಯಿರಿ. ಚೂಪಿದ್ದರೆ ಉಗುರಿನಿಂದ ಬಿಳಿ ಪುಡಿ ಏಳುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಮೊಂಡಾದ ಬ್ಲೇಡಿನಲ್ಲೂ ಹೊಟ್ಟೆ ಬರುತ್ತದೆ, ಏಕೆಂದರೆ ನಾವು ಗೊತ್ತಿಲ್ಲದೆ ಜಾಸ್ತಿ ಒತ್ತುತ್ತೇವೆ. ಹಾಗೇ ಸೀಳುವ ಬ್ಲೇಡನ್ನು ಅದಕ್ಕೇ ಮೀಸಲಿಡಿ. ಅದರಲ್ಲೇ ಸುತ್ತು ಕಟ್ ಮಾಡಿದರೆ ಒಂದು ಬದಿಯ ಹಲ್ಲು ಬೇಗ ಸವೆದು, ಆಮೇಲೆ ಅದು ಯಾವಾಗಲೂ ಇನ್ನೊಂದು ಬದಿಗೇ ಎಳೆಯುತ್ತದೆ.

ಆ ಮುಕ್ಕಾಲು ಇಂಚಿನ ಬ್ಲೇಡ್ ಎಸೆಯಬೇಡಿ. 2 ಇಂಚಿನೊಳಗಿನ ದಪ್ಪಕ್ಕೆ ನೇರ ಕಟ್ ಮಾಡುವಾಗ ಗೈಡುಗಳು ಹತ್ತಿರ ಬರುತ್ತವೆ, ನಡುವೆ ಬಾಗುವುದಕ್ಕೆ ಜಾಗವೇ ಇರುವುದಿಲ್ಲ, ಕಮ್ಮಿ ಬಿಗಿಯಲ್ಲೂ ಅದು ನಡೆದುಕೊಳ್ಳುತ್ತದೆ. ಚಕ್ರದ ಮೇಲೆ 0.8 ದಪ್ಪ ಬಹಳ ದಿನ ಬಾಳುವುದಿಲ್ಲ, ಇರುವಷ್ಟು ದಿನ ಅಂಚು ಕತ್ತರಿಸುವುದಕ್ಕೆ ಇಟ್ಟುಕೊಳ್ಳಿ. ಟಕ್ ಟಕ್ ಸದ್ದು ಹೊಸದಾಗಿ ಶುರುವಾದರೆ ಮಾತ್ರ ತಕ್ಷಣ ನಿಲ್ಲಿಸಿ ಗುಳಿಗಳ ತಳವನ್ನು ಭೂತಗನ್ನಡಿಯಲ್ಲಿ ನೋಡಿ.